ಧರ್ಮಗುರು (ಭಾರತೀಯ ಭೂಸೇನೆ)

ಭಾರತೀಯ ಭೂಸೇನೆಯ ಧರ್ಮಗುರು ಎಂದರೆ ಸೈನಿಕ ಘಟಕಗಳಲ್ಲಿ ಪೂಜೆ, ಪ್ರಾರ್ಥನೆ, ಅಂತ್ಯಸಂಸ್ಕಾರ ಮೊದಲಾದ ಧಾರ್ಮಿಕ ಕಾರ್ಯಗಳನ್ನು ನಡೆಸಲು ನೇಮಕಗೊಂಡ ಜೂನಿಯರ್ ಕಮಿಷನ್ಡ್ ಅಧಿಕಾರಿ (ಜೆ.ಸಿ.ಒ.). ಪಂಡಿತ, ಗ್ರಂಥಿ, ಮೌಲ್ವಿ, ಪಾದ್ರಿ ಮತ್ತು ಬೌದ್ಧ ಭಿಕ್ಷು ಎಂಬ ವರ್ಗಗಳಲ್ಲಿ ಇವರ ನೇಮಕಾತಿ ನಡೆಯುತ್ತದೆ.

ಹಿನ್ನೆಲೆ

ಈಸ್ಟ್ ಇಂಡಿಯಾ ಕಂಪನಿಯು ತನ್ನ ಯುರೋಪಿಯನ್ ಸೈನಿಕರಿಗಾಗಿ ಚಾಪ್ಲಿನ್ ಎಂಬ ಪಾದ್ರಿಗಳನ್ನು ಸಂಬಳ ಕೊಟ್ಟು ನೇಮಿಸುತ್ತಿತ್ತು. ಬೆಂಗಳೂರು ದಂಡಿನ ಸಂತ ಮಾರ್ಕರ ಚರ್ಚು (1808) ಹಾಗೂ ಮಂಗಳೂರಿನ ಸಂತ ಪೌಲರ ಚರ್ಚು (1843) ಸೈನಿಕರ ಆರಾಧನೆಗಾಗಿಯೇ ಹುಟ್ಟಿಕೊಂಡವು. ಭಾರತೀಯ ಸಿಪಾಯಿಗಳ ರೆಜಿಮೆಂಟುಗಳಲ್ಲಿ ಆಯಾ ಮತದ ಪಂಡಿತ, ಮೌಲ್ವಿ, ಗ್ರಂಥಿಗಳಿರುತ್ತಿದ್ದರು. ಇಂದಿನ ಹುದ್ದೆಯು ಹೆಚ್ಚಾಗಿ ಈ ಎರಡನೆಯ ಪರಂಪರೆಯ ಮುಂದುವರಿಕೆಯಾಗಿದೆ.

ನೇಮಕಾತಿ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳು ಮಂಗಳೂರಿನ ಸೇನಾ ನೇಮಕಾತಿ ಕಚೇರಿಯ ವ್ಯಾಪ್ತಿಗೆ ಸೇರುತ್ತವೆ. ಪಂಡಿತ ಹುದ್ದೆಗೆ ಸಂಸ್ಕೃತದಲ್ಲಿ ಆಚಾರ್ಯ ಪದವಿ, ಇಲ್ಲವೇ ಶಾಸ್ತ್ರಿ ಪದವಿಯೊಂದಿಗೆ ಕರ್ಮಕಾಂಡದ ಒಂದು ವರ್ಷದ ಡಿಪ್ಲೊಮಾ ಬೇಕು. ಪಾದ್ರಿ ಹುದ್ದೆಗೆ ಗುರುದೀಕ್ಷೆ ಪಡೆದಿರಬೇಕು. ಸ್ಥಳೀಯ ಬಿಷಪರ ಅಂಗೀಕೃತ ಪಟ್ಟಿಯಲ್ಲಿ ಹೆಸರೂ ಇರಬೇಕು. ಶಾಸ್ತ್ರಜ್ಞಾನವೊಂದೇ ಸಾಲದು: ಅಭ್ಯರ್ಥಿಯು 1.6 ಕಿ.ಮೀ. ದೂರವನ್ನು 8 ನಿಮಿಷಗಳಲ್ಲಿ ಓಡಬೇಕು. ಲಿಖಿತ ಪರೀಕ್ಷೆ ಮತ್ತು ಸಂದರ್ಶನದಲ್ಲಿ ಆಯ್ಕೆಯಾದವರು ನಾಯಬ್ ಸುಬೇದಾರರಾಗಿ ಸೇರುತ್ತಾರೆ. ಮುಂದೆ ಸುಬೇದಾರ್, ಸುಬೇದಾರ್ ಮೇಜರ್ ಹುದ್ದೆಗಳಿಗೆ ಬಡ್ತಿ ಹೊಂದಬಹುದು.

ಕರ್ತವ್ಯಗಳು

ಪೂಜಾಸ್ಥಳದ ಹೊಣೆ ಇವರ ಕೆಲಸದ ಒಂದು ಭಾಗ ಮಾತ್ರ. ಆಸ್ಪತ್ರೆಯಲ್ಲಿರುವ ಗಾಯಾಳುಗಳನ್ನು ಕಾಣುವುದು, ಚೇತರಿಸಿಕೊಳ್ಳುತ್ತಿರುವವರೊಡನೆ ಪ್ರಾರ್ಥಿಸುವುದು, ಶಿಕ್ಷೆ ಅನುಭವಿಸುತ್ತಿರುವ ಸೈನಿಕರನ್ನು ಭೇಟಿಯಾಗುವುದು, ಸೈನಿಕರ ಕುಟುಂಬ ಮತ್ತು ಮಕ್ಕಳ ಯೋಗಕ್ಷೇಮ ನೋಡಿಕೊಳ್ಳುವುದು ಸಹ ಅಧಿಕೃತ ಕರ್ತವ್ಯಗಳೇ. ಹೊಸ ಸೈನಿಕರು ಧರ್ಮಗ್ರಂಥದ ಸಾಕ್ಷಿಯಾಗಿ ಪ್ರಮಾಣ ಸ್ವೀಕರಿಸುವ ಕಸಮ್ ಪರೇಡ್‌ನಲ್ಲಿಯೂ ಇವರು ಉಪಸ್ಥಿತರಿರುತ್ತಾರೆ.

ಹಲವು ಮತಗಳ ಸೈನಿಕರಿರುವ ಘಟಕಗಳಲ್ಲಿ ಎಲ್ಲರಿಗೂ ಒಂದೇ ಸೂರಿನಡಿ ‘ಸರ್ವಧರ್ಮ ಸ್ಥಳ’ ಇರುತ್ತದೆ. ಒಂದು ಮತದ ಗುರುವಾಗಿ ಆಯ್ಕೆಯಾದವನು ಇತರ ಮತಗಳ ಸೈನಿಕರ ನಡುವೆಯೂ ಬಾಳಬೇಕಾದುದರಿಂದ, ಪುಣೆಯ ರಾಷ್ಟ್ರೀಯ ಏಕತಾ ಸಂಸ್ಥೆಯಲ್ಲಿ ಧರ್ಮಗುರುಗಳಿಗೆ ತರಬೇತಿ ನೀಡಲಾಗುತ್ತದೆ. ಈ ವ್ಯವಸ್ಥೆಯಲ್ಲಿ ವೈಯಕ್ತಿಕ ನಂಬಿಕೆಯ ಎಲ್ಲೆ ಯಾವುದೆಂಬ ಪ್ರಶ್ನೆ ನ್ಯಾಯಾಲಯವನ್ನೂ ತಲುಪಿದೆ. ತನ್ನ ತುಕಡಿಯ ಸೈನಿಕರೊಡನೆ ಗರ್ಭಗುಡಿ ಪ್ರವೇಶಿಸಲು ಒಪ್ಪದೆ 2021ರಲ್ಲಿ ವಜಾಗೊಂಡ ಕ್ರೈಸ್ತ ಸೇನಾಧಿಕಾರಿಯೊಬ್ಬರ (ಇವರು ಧರ್ಮಗುರುವಲ್ಲ) ಅರ್ಜಿಯನ್ನು ದೆಹಲಿ ಉಚ್ಚ ನ್ಯಾಯಾಲಯವೂ ಸರ್ವೋಚ್ಚ ನ್ಯಾಯಾಲಯವೂ 2025ರಲ್ಲಿ ತಿರಸ್ಕರಿಸಿದವು.

ಅಂತರರಾಷ್ಟ್ರೀಯ ಕಾನೂನು

1949ರ ಮೊದಲನೆಯ ಜಿನೀವಾ ಒಪ್ಪಂದದ 24ನೇ ವಿಧಿಯು ಸೇನೆಗೆ ಸೇರಿದ ಧರ್ಮಗುರುಗಳಿಗೆ ವೈದ್ಯಕೀಯ ಸಿಬ್ಬಂದಿಗಿರುವಂತಹ ರಕ್ಷಣೆಯನ್ನು ನೀಡುತ್ತದೆ. ಶತ್ರುಪಡೆಯ ಕೈಗೆ ಸಿಕ್ಕರೂ ಅವರನ್ನು ಯುದ್ಧಕೈದಿಗಳೆಂದು ಪರಿಗಣಿಸುವಂತಿಲ್ಲ. ಸೆರೆಯಲ್ಲಿರುವ ಸೈನಿಕರ ಸೇವೆಗೆ ಅಗತ್ಯವಿದ್ದಷ್ಟು ಕಾಲ ಮಾತ್ರ ಅವರನ್ನು ಇರಿಸಿಕೊಳ್ಳಬಹುದು. ಭಾರತವು ಈ ಒಪ್ಪಂದಗಳನ್ನು 1950ರಲ್ಲಿ ಅನುಮೋದಿಸಿತು.