ಬೊಡೋನಿ ಅಕ್ಷರಗಳ ಅಂದವೂ ಉಪಯೋಗವೂ

ಇಂಗ್ಲಿಷ್ ಪುಸ್ತಕವನ್ನು ಓದುವಾಗ ನಾವು ಅರ್ಥವನ್ನು ಗ್ರಹಿಸುತ್ತೇವೆಯೇ ಹೊರತು ಅಕ್ಷರಗಳ ಆಕಾರವನ್ನು ಗಮನಿಸುವುದಿಲ್ಲ. ಆದರೂ ಕಣ್ಣಿಗೆ ಹಿತವಾಗುವುದೂ ಆಯಾಸವಾಗುವುದೂ ಬಹುಮಟ್ಟಿಗೆ ಆ ಆಕಾರದಿಂದಲೇ. ಆದಕಾರಣ ಅಚ್ಚಿನ ಅಕ್ಷರಗಳಲ್ಲಿ ಸುಪ್ರಸಿದ್ಧವಾದ ಬೊಡೋನಿಯ ವಿಷಯವಾಗಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ನಾಲ್ಕು ಮಾತುಗಳನ್ನು ಅರಿಕೆಮಾಡುತ್ತೇವೆ.

ಇದನ್ನು ನಿರ್ಮಿಸಿದ ಜಾಂಬಟ್ಟಿಸ್ಟ ಬೊಡೋನಿಯು 1740ರಲ್ಲಿ ಇಟಲಿಯ ಸಲುಟ್ಸೊ ಪಟ್ಟಣದಲ್ಲಿ ಮುದ್ರಕನೊಬ್ಬನ ಮಗನಾಗಿ ಹುಟ್ಟಿದನು. ರೋಮಿನಲ್ಲಿದ್ದ ಮಿಷನ್ ಮುದ್ರಣಾಲಯವೊಂದರಲ್ಲಿ ಕೆಲಸಮಾಡಿ, ಪೂರ್ವದೇಶಗಳ ಲಿಪಿಗಳಲ್ಲಿ ಪರಿಚಯವನ್ನು ಪಡೆದನು. 1768ರಲ್ಲಿ ಪಾರ್ಮ ಸಂಸ್ಥಾನದ ಮುದ್ರಣಾಲಯಕ್ಕೆ ಮುಖ್ಯಸ್ಥನಾದನು. ಇಂಗ್ಲೆಂಡಿನ ಬಾಸ್ಕರ್‌ವಿಲ್ಲನ ನುಣುಪಾದ ಕಾಗದವೂ ಅಚ್ಚುಕಟ್ಟಾದ ಮುದ್ರಣವೂ, ಪ್ಯಾರಿಸಿನ ದಿದೊ ಮನೆತನದವರ ಅಕ್ಷರಗಳೂ ಅವನಿಗೆ ಮೇಲ್ಪಂಕ್ತಿಯಾದವು. 1806ರಲ್ಲಿ ಅವನು ಕರ್ತನ ಪ್ರಾರ್ಥನೆಯನ್ನು 155 ಭಾಷೆಗಳಲ್ಲಿ ಮುದ್ರಿಸಿದನು.

ಈ ಅಕ್ಷರದ ಲಕ್ಷಣವು ಯಾವುದೆಂದರೆ, ದಪ್ಪಗೆರೆಗೂ ತೆಳುಗೆರೆಗೂ ಇರುವ ಅತಿಶಯವಾದ ಅಂತರವೇ. ನೆಟ್ಟಗೆ ನಿಂತ ಗೆರೆಗಳು ಕಂಬದಂತೆ ದಪ್ಪ. ಅಡ್ಡಗೆರೆಗಳು ಕೂದಲೆಳೆಯಂತೆ ಸಣ್ಣ. 'ಓ' ಎಂಬ ಇಂಗ್ಲಿಷ್ ಅಕ್ಷರವನ್ನು ನೋಡಿದರೆ ಎಡಬಲಗಳಲ್ಲಿ ತುಂಬಿಕೊಂಡು, ಮೇಲೂ ಕೆಳಗೂ ಎಳೆಯಾಗಿರುತ್ತದೆ. ತುದಿಯಲ್ಲಿರುವ ಪುಟ್ಟ ಗೆರೆಗೆ ಸೆರಿಫ್ ಎಂದು ಹೆಸರು. ಅದು ಬಾಗದೆ ನೇರವಾಗಿ, ಅತಿ ತೆಳುವಾಗಿ ಇರುತ್ತದೆ.

ಇಂಥ ಅಕ್ಷರವು ದೊಡ್ಡದಾಗಿಯೂ ಸುತ್ತಲೂ ಬಿಳಿಯ ಜಾಗವಿಟ್ಟೂ ಅಚ್ಚಾದಾಗ ಬಹು ಗಂಭೀರವಾಗಿ ಶೋಭಿಸುತ್ತದೆ. ಆದುದರಿಂದಲೇ ಪುಸ್ತಕದ ಮುಖಪುಟಕ್ಕೂ ಮದುವೆಯ ಕರೆಯೋಲೆಗೂ ಇದು ಒಪ್ಪುತ್ತದೆ. ವೋಗ್, ಹಾರ್ಪರ್ಸ್ ಬಜಾರ್ ಎಂಬ ಉಡುಪಿನ ಪತ್ರಿಕೆಗಳ ಹೆಸರುಗಳೂ ಈ ಜಾತಿಯ ಅಕ್ಷರಗಳಲ್ಲಿಯೇ ಇರುತ್ತವೆ.

ಆದರೆ ಇದೇ ಅಕ್ಷರವನ್ನು ಚಿಕ್ಕದು ಮಾಡಿ ಪುಟತುಂಬ ಇಟ್ಟರೆ ತೆಳುಗೆರೆಗಳು ಅಳಿಸಿಹೋದಂತಾಗಿ, ಕಂಬಗಳು ಮಾತ್ರ ಸಾಲಾಗಿ ನಿಂತು ಕಣ್ಣನ್ನು ಕುಕ್ಕುತ್ತವೆ. ಒರಟು ಕಾಗದವಾದರಂತೂ ಹೇಳತೀರದು. ಸೀಸದ ಮೊಳೆಗಳ ಕಾಲದಲ್ಲಿ ಪ್ರತಿಯೊಂದು ಅಳತೆಯನ್ನೂ ಬೇರೆಬೇರೆಯಾಗಿ ಕೊರೆಯುತ್ತಿದ್ದುದರಿಂದ ಚಿಕ್ಕ ಅಕ್ಷರಗಳ ತೆಳುಗೆರೆಗೆ ತಕ್ಕಷ್ಟು ಬಲ ಕೊಡಲಾಗುತ್ತಿತ್ತು. ಕಂಪ್ಯೂಟರಿನಲ್ಲಿ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವಾಗ ಈ ಎಚ್ಚರವು ತಪ್ಪಿಹೋಗುವುದುಂಟು. ಈ ಕೊರತೆಯನ್ನು ನೀಗುವುದಕ್ಕಾಗಿ 1994ರಲ್ಲಿ ಹೊರಬಂದ ಐ.ಟಿ.ಸಿ. ಬೊಡೋನಿಯಲ್ಲಿ ಚಿಕ್ಕ, ನಡುವಣ, ದೊಡ್ಡ ಅಳತೆಗಳಿಗೆ ಮೂರು ಬೇರೆ ರೂಪಗಳನ್ನು ಬರೆದರು.

ಬೊಡೋನಿಯು 1813ರಲ್ಲಿ ತೀರಿಕೊಂಡಾಗ ಅವನ ಜೀವಮಾನದ ಅಕ್ಷರಗಳನ್ನೆಲ್ಲ ತೋರಿಸುವ ಗ್ರಂಥವು ಅಪೂರ್ಣವಾಗಿತ್ತು. ಅವನ ಪತ್ನಿ ಮಾರ್ಗೆರೀತಾ ದಲ್ಲಾಲ್ಯೊ ಆ ಕಾರ್ಯವನ್ನು ಕೈಬಿಡದೆ, 1818ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದಳು. ಆ ಸಾಧ್ವಿಯ ದೃಢತೆಯಿಲ್ಲದಿದ್ದರೆ ಅವನ ಕಲೆಯ ಪೂರ್ಣ ಪರಿಚಯವು ಲೋಕಕ್ಕೆ ದೊರೆಯುತ್ತಿರಲಿಲ್ಲ. ನಮ್ಮ ಹೆಣ್ಣುಮಕ್ಕಳು ಇದನ್ನು ಮರೆಯದಿರಲಿ.

ಆದುದರಿಂದ, ಪ್ರಿಯರೇ, ಕರೆಯೋಲೆಯನ್ನಾಗಲಿ ಪುಸ್ತಕವನ್ನಾಗಲಿ ಅಚ್ಚುಹಾಕಿಸುವಾಗ ಅಂದವನ್ನು ಮಾತ್ರವೇ ಲಕ್ಷಿಸಬೇಡಿರಿ. ತಲೆಬರಹಕ್ಕೆ ಬೊಡೋನಿ ಇರಲಿ. ಮಕ್ಕಳೂ ಮುದುಕರೂ ಓದಬೇಕಾದ ಸಣ್ಣ ಅಕ್ಷರದ ಭಾಗಕ್ಕೆ ಗೆರೆಗಳು ಹೆಚ್ಚು ಸಮವಾಗಿರುವ ಅಕ್ಷರವನ್ನು ಆರಿಸಿರಿ. ಓದುವವರ ಕಣ್ಣಿಗೆ ನೆರವಾಗುವುದೇ ಅಕ್ಷರದ ಮೊದಲನೆಯ ಕರ್ತವ್ಯವು.