ಒಡೆದ ಊರು, ಒಂದೇ ಒಳಚರಂಡಿ

ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ನಡುವೆ ಗೋಡೆ ಎಬ್ಬಿಸುವುದು ಸುಲಭ. ಬಾವಿಯನ್ನೂ ಬಚ್ಚಲ ನೀರಿನ ದಾರಿಯನ್ನೂ ಹಂಚಿಕೊಳ್ಳುವುದು ಕಷ್ಟ. ಅಂತರ್ಯುದ್ಧದಿಂದ ಬೆಂದ ನಾಡಿನಲ್ಲಿ ಶಾಂತಿಯನ್ನು ಕಾಯುವವರು ಯಾರು, ಕಟ್ಟುವವರು ಯಾರು ಎಂಬ ಪ್ರಶ್ನೆಗೆ ಸೈಪ್ರಸ್ ದ್ವೀಪದ ವೃತ್ತಾಂತ ತಕ್ಕ ನಿದರ್ಶನವಾಗಿದೆ. ಅದು ನಮಗೆ ತೀರ ಹೊರಗಿನದೂ ಅಲ್ಲ. ಮಡಿಕೇರಿಯಲ್ಲಿ ಹುಟ್ಟಿ, ಭಾರತದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ಕೆ. ಎಸ್. ತಿಮ್ಮಯ್ಯನವರು ಕೊನೆಯುಸಿರೆಳೆದದ್ದು ಅಲ್ಲಿಯೇ.

ಮೆಡಿಟರೇನಿಯನ್ ಸಮುದ್ರದ ಈ ದ್ವೀಪ ಬ್ರಿಟಿಷರಿಂದ ಬಿಡುಗಡೆ ಹೊಂದಿದ್ದು 1960ರಲ್ಲಿ. ಜನರಲ್ಲಿ ಮುಕ್ಕಾಲು ಪಾಲಿಗೂ ಮಿಕ್ಕವರು ಗ್ರೀಕ್ ಭಾಷೆಯ ಕ್ರೈಸ್ತರು. ಐದರಲ್ಲೊಂದು ಪಾಲಿಗೆ ತುಸು ಕಡಮೆಯಷ್ಟು ಮಂದಿ ತುರ್ಕಿ ಭಾಷೆಯ ಮುಸಲ್ಮಾನರು. ಐದು ದೊಡ್ಡ ಪಟ್ಟಣಗಳಲ್ಲಿ ಇಬ್ಬರಿಗೂ ಬೇರೆ ಬೇರೆ ಪುರಸಭೆಗಳಿರಬೇಕೆಂದು ಹೊಸ ಸಂವಿಧಾನ ವಿಧಿಸಿತ್ತು. ಪುರದಲ್ಲಿರುವವನು ಪೌರ ಎಂದು ನಾವು ಶಾಲೆಯಲ್ಲಿ ಹೇಳಿಕೊಡುತ್ತೇವೆ. ಒಂದು ಪುರಕ್ಕೆ ಎರಡು ಬಗೆಯ ಪೌರರಾದರೆ ಏನಾದೀತು! ತೆರಿಗೆ, ನೌಕರಿ, ಪುರಸಭೆ ಎಲ್ಲವೂ ವ್ಯಾಜ್ಯಕ್ಕೆ ಕಾರಣವಾದುವು. 1963ರ ಡಿಸೆಂಬರಿನಲ್ಲಿ ರಕ್ತ ಹರಿಯಿತು. ರಾಜಧಾನಿ ನಿಕೋಸಿಯಾದ ನಕ್ಷೆಯ ಮೇಲೆ ಬ್ರಿಟಿಷ್ ಸೇನಾಧಿಕಾರಿಯೊಬ್ಬರು ಹಸುರು ಪೆನ್ಸಿಲಿನಿಂದ ಎಳೆದ ಗೆರೆಯೇ ಊರನ್ನು ಎರಡಾಗಿಸಿತು. ಅದಕ್ಕೆ ಇಂದಿಗೂ ಹಸುರು ಗೆರೆಯೆಂದೇ ಹೆಸರು.

1964ರ ಮಾರ್ಚಿಯಲ್ಲಿ ಭದ್ರತಾ ಮಂಡಳಿಯು ಶಾಂತಿಪಾಲನಾ ಪಡೆಯೊಂದನ್ನು ನೇಮಿಸಿತು, ಅದೂ ಮೂರೇ ತಿಂಗಳ ಅವಧಿಗೆ. ಮೊದಲ ದಂಡನಾಯಕರು ಭಾರತದ ಜನರಲ್ ಪಿ. ಎಸ್. ಗ್ಯಾನಿ. ಜುಲೈಯಲ್ಲಿ ಆ ಸ್ಥಾನಕ್ಕೆ ತಿಮ್ಮಯ್ಯನವರು ಬಂದರು. ಕೈಕೆಳಗಿದ್ದ ಸೈನಿಕರು ಕೆನಡ, ಐರ್ಲೆಂಡ್, ಸ್ವೀಡನ್ ಮೊದಲಾದ ದೇಶಗಳವರು; ನಮ್ಮ ಪಲ್ಟನ್ನು ಒಂದೂ ಇರಲಿಲ್ಲ. ಗುಂಡು ಹಾರದಂತೆ ನಡುವೆ ನಿಲ್ಲುವುದು ಅವರ ಕೆಲಸದ ಒಂದು ಭಾಗ ಮಾತ್ರ. ಎದುರಾಳಿಯ ಕಾವಲುಠಾಣೆಗಳ ನಡುವೆ ಸಿಕ್ಕಿದ ಹೊಲಗಳಲ್ಲಿ ರೈತರು ಕೊಯ್ಲು ಮಾಡುವಾಗ ಕಾವಲಿರಬೇಕು. ಕೈರೀನಿಯದ ಹೆದ್ದಾರಿಯಲ್ಲಿ ವಾಹನಗಳ ಸಾಲನ್ನು ಕರೆದೊಯ್ಯಬೇಕು. ನಿಂತ ಟಪಾಲು ಹೊರಡಬೇಕು. ಕಡಿದುಹೋದ ನೀರು, ವಿದ್ಯುತ್ತು ಮತ್ತೆ ಬರಬೇಕು. ರಣರಂಗದಲ್ಲಿ ಪಳಗಿದ ದಂಡನಾಯಕ ಅಮಲ್ದಾರನ ಚಾಕರಿಗೂ ಹೆಗಲು ಕೊಡಬೇಕಾಯಿತು. 1965ರ ಡಿಸೆಂಬರ್ 18ರಂದು ಅವರು ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 59. ಮರುವರ್ಷ ಸೈಪ್ರಸ್ ಸರಕಾರ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು.

ಆದರೆ ಪರದೇಶದ ಸೈನಿಕ ನಡುವೆ ನಿಂತಷ್ಟು ಕಾಲ ಜಗಳ ನಿಂತಿರುತ್ತದೆ, ಮುಗಿದಿರುವುದಿಲ್ಲ. 1974ರ ಜುಲೈಯಲ್ಲಿ ಗ್ರೀಸಿನ ಸೇನಾಡಳಿತ ಅಲ್ಲಿ ಕ್ಷಿಪ್ರಕ್ರಾಂತಿ ನಡೆಸಿತು. ಬೆನ್ನಲ್ಲೇ ತುರ್ಕಿಯ ಸೈನ್ಯ ಇಳಿಯಿತು. ಲಕ್ಷಕ್ಕೂ ಮಿಕ್ಕ ಗ್ರೀಕರು ದಕ್ಷಿಣಕ್ಕೆ ಓಡಿಬಂದರು, ಸಾವಿರಾರು ತುರ್ಕಿ ಸಂಸಾರಗಳು ಉತ್ತರಕ್ಕೆ ಹೋದುವು. ದ್ವೀಪವೇ ಇಬ್ಭಾಗವಾಯಿತು.

ನನಗೆ ಬೆರಗೆನಿಸುವುದು ಮುಂದಿನ ಸಂಗತಿ. ನಿಕೋಸಿಯಾದ ಒಳಚರಂಡಿ ಕೆಲಸ ಯುದ್ಧದಿಂದ ಅರ್ಧಕ್ಕೆ ನಿಂತಿತ್ತು. ಕೊಳಚೆ ಬರುವುದು ಬಹುಪಾಲು ದಕ್ಷಿಣದಿಂದ, ಅದನ್ನು ಶುದ್ಧಮಾಡುವ ಸ್ಥಳ ಉತ್ತರದಲ್ಲಿ. ನಮ್ಮ ಅಲ್ಲಾಳಸಂದ್ರದ ಕೆರೆ ಕೋಡಿ ಬಿದ್ದರೆ ನೀರು ಜಕ್ಕೂರಿಗೆ ಹೋಗುತ್ತದೆ, ಅಲ್ಲಿಂದ ರಾಚೇನಹಳ್ಳಿಗೆ; ಮೇಲಿನವರು ಬಿಟ್ಟ ಕೊಳಕನ್ನು ಕೆಳಗಿನವರು ಉಣ್ಣಬೇಕು. ಅಲ್ಲಿಯೂ ಇಳಿಜಾರಿಗೆ ಗ್ರೀಕ್ ತುರ್ಕಿ ಭೇದ ತಿಳಿಯದು. 1978ರಲ್ಲಿ ಎರಡು ಕಡೆಯ ನಗರಾಧ್ಯಕ್ಷರಾದ ಲೆಲ್ಲೋಸ್ ದೆಮಿತ್ರಿಯಾದಿಸ್ ಮತ್ತು ಮುಸ್ತಫಾ ಅಕಿಂಜಿ ಕೂಡಿ ಕುಳಿತರು. ಒಬ್ಬರ ಅಧಿಕಾರವನ್ನು ಇನ್ನೊಬ್ಬರ ಪಕ್ಷ ಒಪ್ಪುತ್ತಿರಲಿಲ್ಲ. ಆದರೂ ಕೊಳವೆ ಒಂದೇ ಇರಲೆಂದು ಒಪ್ಪಿದರು. ಬೇರೆ ಪುರಸಭೆ ಬೇಕೆಂಬ ಕಲಹದಿಂದ ಕೆಟ್ಟ ಊರಿನಲ್ಲಿ ಪುರಸಭೆಯ ಕೆಲಸದಿಂದಲೇ ಮಾತು ಮರಳಿ ಹುಟ್ಟಿತು. ಇಡೀ ನಗರಕ್ಕೆ ಒಂದೇ ಅಭಿವೃದ್ಧಿ ಯೋಜನೆಯೂ ಇಬ್ಬರ ಎಂಜಿನಿಯರುಗಳಿಂದ ರೂಪುಗೊಂಡಿತು.

ಇದರಿಂದ ಎಲ್ಲವೂ ಸರಿಹೋಯಿತೆಂದು ಭಾವಿಸಬಾರದು. 2003ರಲ್ಲಿ ಗೆರೆ ದಾಟಲು ಅನುಮತಿ ದೊರೆತಾಗ ಜನ ತಮ್ಮ ಹಳೆಯ ಮನೆಗಳನ್ನು ನೋಡಿಬರಲು ನೆರೆದರು. ಮರುವರ್ಷ ಒಂದುಗೂಡುವ ಸೂತ್ರ ಜನಮತಕ್ಕೆ ಬಂದಾಗ ಉತ್ತರದವರಲ್ಲಿ ಸುಮಾರು ಮೂರರಲ್ಲೆರಡು ಪಾಲು ಹೌದೆಂದರು. ದಕ್ಷಿಣದವರಲ್ಲಿ ಮುಕ್ಕಾಲು ಪಾಲು ಬೇಡವೆಂದರು. ಅದೇ ಅಕಿಂಜಿಯವರು ಉತ್ತರದ ನಾಯಕರಾಗಿ ನಡೆಸಿದ 2017ರ ಸಂಧಾನವೂ ಮುರಿದುಬಿತ್ತು. ಮೂರು ತಿಂಗಳಿಗೆಂದು ಬಂದ ಪಡೆ ಇನ್ನೂ ಅಲ್ಲಿದೆ.

ನಡುವೆ ಇನ್ನೊಂದು ಕೆಲಸವೂ ಸಾಗಿದೆ. ಎರಡು ಕಲಹಗಳಲ್ಲಿ ಕಾಣೆಯಾದವರು 2002 ಮಂದಿ. 1510 ಗ್ರೀಕರು, 492 ತುರ್ಕರು. ಇವರನ್ನು ಹುಡುಕಲು 1981ರಲ್ಲಿ ಜಂಟಿ ಸಮಿತಿಯೊಂದು ಏರ್ಪಟ್ಟಿತು, ಅಗೆತ ಭರದಿಂದ ಸಾಗಿದ್ದು 2006ರ ಮೇಲೆ. ಎರಡೂ ಸಮುದಾಯದ ತರುಣ ವಿಜ್ಞಾನಿಗಳು ಒಂದೇ ಗುಂಡಿಯಲ್ಲಿಳಿದು ಮಣ್ಣು ಸರಿಸುತ್ತಾರೆ, ಒಂದೇ ಮೇಜಿನ ಮೇಲೆ ಮೂಳೆಗಳನ್ನು ಜೋಡಿಸುತ್ತಾರೆ. ಸಾವಿರಕ್ಕೂ ಹೆಚ್ಚು ಮಂದಿಯ ಗುರುತು ಸಿಕ್ಕಿ, ಅವಶೇಷಗಳು ಸಂಸ್ಕಾರಕ್ಕಾಗಿ ಅವರವರ ಮನೆಯವರನ್ನು ಸೇರಿವೆ.