ಹರಳೆಣ್ಣೆಯ ಮನೆಬಳಕೆ: ಕ್ರಿಯಾಪದಗಳಲ್ಲಿ ಉಳಿದ ತಿಳಿವಳಿಕೆ

ಗಡಿನಾಡಿನ ಮನೆಮದ್ದುಗಳನ್ನು ಕುರಿತ ಟಿಪ್ಪಣಿಗಳಲ್ಲಿ ಹರಳೆಣ್ಣೆಗೆ ಸಾಮಾನ್ಯವಾಗಿ ಒಂದೇ ಸಾಲಿನ ಜಾಗ ದೊರೆಯುತ್ತದೆ: ಕೂದಲಿಗೆ, ಚರ್ಮಕ್ಕೆ, ಹೊಟ್ಟೆಯ ಶುದ್ಧಿಗೆ ಬಳಸುತ್ತಾರೆ. ಈ ಸಾಲಿನಲ್ಲಿ ತಪ್ಪೇನೂ ಇಲ್ಲ. ಆದರೆ ಬಳಸುವವರಿಗೆ ಬೇಕಾದ ನಾಲ್ಕು ಸಂಗತಿಗಳು ಇದರಲ್ಲಿ ಬಿಟ್ಟುಹೋಗಿವೆ: ಯಾವ ಬಗೆಯ ಎಣ್ಣೆ, ಎಷ್ಟು, ಹೇಗೆ, ಮತ್ತು ಹಚ್ಚಿದ ಮೇಲೆ ತೆಗೆಯುವುದು ಹೇಗೆ. ಮನೆಯ ಮಾತಿನಲ್ಲಿ ಈ ನಾಲ್ಕಕ್ಕೂ ಉತ್ತರಗಳಿವೆ. ಅವು ನಾಮಪದಗಳಿಗಿಂತ ಹೆಚ್ಚಾಗಿ ಕ್ರಿಯಾಪದಗಳಲ್ಲಿ ಅಡಗಿವೆ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಹೆಸರುಗಳ ಹರವು

ಕನ್ನಡದಲ್ಲಿ ಈ ಗಿಡಕ್ಕೆ ಎರಡು ಮುಖ್ಯ ಹೆಸರುಗಳಿವೆ. ದಕ್ಷಿಣದಲ್ಲಿ ಅದು ಹರಳು, ಉತ್ತರದಲ್ಲಿ ಔಡಲ. ಗಡಿ ದಾಟಿದೊಡನೆ ನೆರೆಭಾಷೆಗಳ ಹೆಸರುಗಳು ಇವುಗಳ ಪಕ್ಕಕ್ಕೆ ಬಂದು ನಿಲ್ಲುತ್ತವೆ. ಸೊಲ್ಲಾಪುರದ ಅಂಗಡಿಯಲ್ಲಿ ಕೇಳಬೇಕಾದದ್ದು ಎರಂಡೇಲ್, ರಾಯದುರ್ಗ, ಮಡಕಶಿರಾದಲ್ಲಿ ಆಮುದಂ, ಹೊಸೂರಿನಲ್ಲಿ ವಿಳಕ್ಕೆಣ್ಣೆಯ್, ಕಾಸರಗೋಡಿನಲ್ಲಿ ಆವಣಕ್ಕೆಣ್ಣ. ಒಂದೊಂದು ಹೆಸರೂ ಗಿಡವನ್ನು ಒಂದೊಂದು ಕಡೆಯಿಂದ ನೋಡುತ್ತದೆ. ಕನ್ನಡದ ಕಣ್ಣು ಬಿದ್ದಿರುವುದು ಬೀಜದ ಮೇಲೆ; ಹರಳು ಎಂದರೆ ನುಣುಪಾದ ಸಣ್ಣ ಕಲ್ಲೂ ಹೌದು, ರತ್ನವೂ ಹೌದು. ಅದೇ ಬೀಜ ಲ್ಯಾಟಿನ್ ಭಾಷಿಕರಿಗೆ ಉಣ್ಣೆಹುಳುವಿನಂತೆ ಕಂಡದ್ದರಿಂದ ಸಸ್ಯಶಾಸ್ತ್ರದಲ್ಲಿ ಗಿಡಕ್ಕೆ ರಿಸಿನಸ್ ಎಂಬ ಹೆಸರು ನಿಂತಿತು. ತಮಿಳು ಎಣ್ಣೆಯ ಉಪಯೋಗವನ್ನು ಹಿಡಿದು ಅದನ್ನು ದೀಪದ ಎಣ್ಣೆ ಎಂದಿತು. ಅಂಗೈಯಂತೆ ಬಿಡಿಸಿಕೊಂಡ ಎಲೆಯನ್ನು ಕಂಡ ಸಂಸ್ಕೃತ ವೈದ್ಯಗ್ರಂಥಗಳು ಗಂಧರ್ವಹಸ್ತ ಎಂದವು. ಕೇರಳದ ವೈದ್ಯರು ಇಂದಿಗೂ ಕೊಡುವ ಗಂಧರ್ವಹಸ್ತಾದಿ ಕಷಾಯದಲ್ಲಿ ಆ ಹೆಸರು ಉಳಿದಿದೆ.

ನುಡಿಗಟ್ಟುಗಳು ಗಡಿಯನ್ನು ಇನ್ನೂ ಸಲೀಸಾಗಿ ದಾಟಿವೆ. ಹರಳೆಣ್ಣೆ ಕುಡಿದ ಮುಖ ಎಂಬ ಮಾತು ಕನ್ನಡ, ತೆಲುಗು, ಮರಾಠಿ ಮೂರರಲ್ಲೂ ಇದೆ. ವಿರೇಚನದ ಬಾಲ್ಯಸ್ಮರಣೆ ಮೂರು ಭಾಷೆಗಳಿಗೂ ಸಮಾನ. ಎಚ್ಚರದಿಂದ ಕಾಯುವುದಕ್ಕೆ ಕನ್ನಡದವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಎನ್ನುತ್ತಾರೆ. ಯಾವ ಎಣ್ಣೆ ಎಂದು ಕನ್ನಡ ಹೇಳುವುದಿಲ್ಲ. ತಮಿಳಿನ ಅದೇ ನುಡಿಗಟ್ಟು ವಿಳಕ್ಕೆಣ್ಣೆಯ್ ಎಂದು ಬಿಡಿಸಿ ಹೇಳುತ್ತದೆ. ಒಂದು ಭಾಷೆ ಮರೆತ ವಿವರವನ್ನು ಇನ್ನೊಂದು ಭಾಷೆ ಕಾದಿಟ್ಟಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಹೆಸರುಗಳ ಸಾಮ್ಯದಲ್ಲಿ ಅಪಾಯವೂ ಇದೆ. ಬೇಲಿಗೆ ನೆಡುವ ಜಟ್ರೋಫಾ ಗಿಡವನ್ನು ಕನ್ನಡದಲ್ಲಿ ಕಾಡುಹರಳು ಅಥವಾ ಮರಹರಳು, ತಮಿಳಿನಲ್ಲಿ ಕಾಟ್ಟಾಮಣಕ್ಕು, ತೆಲುಗಿನಲ್ಲಿ ಅಡವಿ ಆಮುದಂ, ಮಲಯಾಳದಲ್ಲಿ ಕಡಲಾವಣಕ್ಕು, ಮರಾಠಿಯಲ್ಲಿ ಮೊಗಲಿ ಎರಂಡ ಎನ್ನುತ್ತಾರೆ. ಐದೂ ಭಾಷೆಗಳು ಹರಳಿನ ಹೆಸರಿಗೇ ಒಂದು ವಿಶೇಷಣ ಹಚ್ಚಿ ಕೆಲಸ ಮುಗಿಸಿವೆ. ಭಾಷಾಂತರದಲ್ಲಿ ಆ ವಿಶೇಷಣ ಉದುರಿದರೆ ಮದ್ದಿನ ಜಾಗದಲ್ಲಿ ವಿಷದ ಬೀಜ ಬಂದು ಕೂರುತ್ತದೆ. ಪದಕೋಶ ಸಿದ್ಧಪಡಿಸುವವರು ಈ ಜೋಡಿಯನ್ನು ಬೇರೆಬೇರೆ ನಮೂದುಗಳಾಗಿ, ಗಿಡದ ವರ್ಣನೆಯೊಡನೆ ಕೊಡುವುದು ಅಗತ್ಯ.

ಕಾಸಿದ ಎಣ್ಣೆ, ಗಾಣದ ಎಣ್ಣೆ

ಹರಳುಬೀಜದಲ್ಲಿಯೂ ರಿಸಿನ್ ಎಂಬ ಪ್ರೋಟೀನ್ ರೂಪದ ಕಡುವಿಷವಿದೆ. ಹಳೆಯ ಮನೆಗಳಲ್ಲಿ ಎಣ್ಣೆ ತೆಗೆಯುತ್ತಿದ್ದ ಕ್ರಮವನ್ನು ಈ ಹಿನ್ನೆಲೆಯಲ್ಲಿ ಗಮನಿಸಬೇಕು. ಬೀಜವನ್ನು ಹುರಿದು, ಕುಟ್ಟಿ, ನೀರಿನಲ್ಲಿ ಬಹಳ ಹೊತ್ತು ಕುದಿಸಿ, ಮೇಲೆ ತೇಲಿದ ಎಣ್ಣೆಯನ್ನು ಬಳಿದು ತೆಗೆದು, ನೀರಿನ ಪಸೆ ಹೋಗುವವರೆಗೆ ಮತ್ತೆ ಕಾಸುತ್ತಿದ್ದರು. ರಿಸಿನ್ ಎಣ್ಣೆಯಲ್ಲಿ ಕರಗುವುದಿಲ್ಲ, ಬಿಸಿಗೆ ಕೆಡುತ್ತದೆ. ಆದ್ದರಿಂದ ಈ ಕ್ರಮ ರುಚಿ, ಬಾಳಿಕೆಗಳಷ್ಟೇ ಅಲ್ಲದೆ ಸುರಕ್ಷತೆಯನ್ನೂ ಕೊಡುತ್ತಿತ್ತು. ಹೀಗೆ ಬೇಯಿಸಿ ತೆಗೆದ ಎಣ್ಣೆಗೆ ತೆಲುಗಿನಲ್ಲಿ ವಂಟಾಮುದಂ ಎಂಬ ಪ್ರತ್ಯೇಕ ಪದವಿದೆ. ಕನ್ನಡದಲ್ಲಿ ಕಾಸಿದ ಎಣ್ಣೆ, ಗಾಣದ ಎಣ್ಣೆ ಎಂಬ ವಿಶೇಷಣಗಳು ಆ ಕೆಲಸ ಮಾಡುತ್ತವೆ. ಹಿಂಡಿದ ಬಳಿಕ ವಿಷವೆಲ್ಲ ಹಿಂಡಿಯಲ್ಲಿ ಉಳಿಯುವುದರಿಂದ ರೈತರು ಹರಳು ಹಿಂಡಿಯನ್ನು ದನಕ್ಕೆ ಹಾಕದೆ ಹೊಲಕ್ಕೆ ಗೊಬ್ಬರವಾಗಿ ಹಾಕುತ್ತಾರೆ. ಶೇಂಗಾ ಹಿಂಡಿ ದನದ ಬಾನಿಗೆ, ಹರಳು ಹಿಂಡಿ ಮಣ್ಣಿಗೆ: ಈ ವಿಂಗಡಣೆಯಲ್ಲಿಯೇ ಒಂದು ವಿಷಶಾಸ್ತ್ರವಿದೆ.

ಕ್ರಿಯಾಪದವೇ ಅಳತೆ

ಹರಳೆಣ್ಣೆ ಎಳ್ಳೆಣ್ಣೆಯಂತಲ್ಲ, ಕೊಬ್ಬರಿ ಎಣ್ಣೆಯಂತೆಯೂ ಅಲ್ಲ. ಅದರ ಕೊಬ್ಬಿನಾಮ್ಲಗಳಲ್ಲಿ ಸುಮಾರು ಶೇ. 85ರಿಂದ 90ರಷ್ಟು ರಿಸಿನೊಲೆಯಿಕ್ ಆಮ್ಲವೊಂದೇ ಇದೆ. ಅದರ ವಿಶಿಷ್ಟ ರಚನೆಯ ಕಾರಣ ಎಣ್ಣೆ ಬಹಳ ಮಂದವಾಗಿದ್ದು ಅಂಟಂಟಾಗಿರುತ್ತದೆ. ಈ ಮಂದತೆಯನ್ನು ಮನೆಯ ಭಾಷೆ ಚೆನ್ನಾಗಿ ಬಲ್ಲದು. ಮಗುವಿನ ನೆತ್ತಿಗೆ ಎಣ್ಣೆಯನ್ನು ತಟ್ಟುತ್ತಾರೆ, ದೊಡ್ಡವರ ತಲೆಗೆ ಒತ್ತುತ್ತಾರೆ, ಮೈಗೆ ತಿಕ್ಕುತ್ತಾರೆ, ನೋಯುವ ಕೀಲಿಗೆ ನೀವುತ್ತಾರೆ, ಒಡೆದ ಹಿಮ್ಮಡಿಗೆ ಮೆತ್ತುತ್ತಾರೆ, ಹುಬ್ಬಿಗೆ ಸವರುತ್ತಾರೆ. ತಟ್ಟುವುದೆಂದರೆ ಅಂಗೈ ತೇವವಾಗುವಷ್ಟು. ಸವರುವುದೆಂದರೆ ಬೆರಳ ತುದಿಗೆ ಹತ್ತುವಷ್ಟು. ನೀವುವುದೆಂದರೆ ಒಂದೇ ದಿಕ್ಕಿಗೆ, ಹಗುರವಾಗಿ. ಪ್ರಮಾಣ, ಒತ್ತಡ, ದಿಕ್ಕು ಮೂರೂ ಕ್ರಿಯಾಪದದೊಳಗೇ ಇವೆ. ಚಮಚದ ಲೆಕ್ಕ ಬೇಕಾಗಿಯೇ ಇಲ್ಲ.

ನೆರೆಭಾಷೆಗಳಲ್ಲೂ ಇಂಥದೇ ಸೂಕ್ಷ್ಮತೆ ಇದೆ. ಶಿಶುವಿನ ನೆತ್ತಿಗೆ ಎಣ್ಣೆ ಇಡುವುದಕ್ಕೆ ಮರಾಠಿ ಟಾಳೂ ಭರಣೆ ಎನ್ನುತ್ತದೆ, ಎಣ್ಣೆ ಹಿಂಗುವಂತೆ ತಿಕ್ಕುವುದಕ್ಕೆ ಜಿರವಣೆ ಎನ್ನುತ್ತದೆ. ತೆಲುಗಿನಲ್ಲಿ ಎಣ್ಣೆಸ್ನಾನವೇ ತಲಂಟು. ಕಾಸರಗೋಡಿನ ಹವ್ಯಕ ಕನ್ನಡದಲ್ಲಿ ಎಣ್ಣೆ ಕಿಟ್ಟಿ ಮೀಯುವುದು, ಉತ್ತರದ ಕನ್ನಡದಲ್ಲಿ ಎಣ್ಣೆ ಹಚ್ಚಿ ಎರೆದುಕೊಳ್ಳುವುದು. ಆರೋಗ್ಯ ಇಲಾಖೆಗಳ ಕರಪತ್ರಗಳಲ್ಲಿ, ಸೀಸೆಗಳ ಮೇಲಿನ ಚೀಟಿಗಳಲ್ಲಿ ಇವೆಲ್ಲವೂ ಲೇಪಿಸಿ ಎಂಬ ಒಂದೇ ಪದವಾಗಿ ಕುಗ್ಗಿವೆ. ಶಾಲೆಯ ಭಾಷೆ ಬೇರೆಯಾದ ಮನೆಯ ಮಕ್ಕಳಿಗೆ ತಲುಪುವುದು ಈ ಕುಗ್ಗಿದ ಪದವೇ.

ತೊಳೆಯುವ ಪದಗಳೂ ಅಷ್ಟೇ ಮುಖ್ಯ. ಹರಳೆಣ್ಣೆಯನ್ನು ಬರಿದಾಗಿ ತಲೆಗೆ ಸುರಿಯದೆ ಕೊಬ್ಬರಿ ಅಥವಾ ಎಳ್ಳೆಣ್ಣೆಯಲ್ಲಿ ತೆಳುಮಾಡಿ ಹಚ್ಚಿ, ಸೀಗೆಕಾಯಿ, ಅಂಟುವಾಳ, ಕಡಲೆಹಿಟ್ಟುಗಳಿಂದ, ತಮಿಳು ಸೀಮೆಯಲ್ಲಿ ಅರಪ್ಪಿನ ಪುಡಿಯಿಂದ ಜಿಡ್ಡು ತೆಗೆಯುವುದು ವಾಡಿಕೆ. ಇದು ಬರಿಯ ಸಂಪ್ರದಾಯವಲ್ಲ. ಹರಳೆಣ್ಣೆ ಬೆರೆಸಿ ಹಚ್ಚಿ ತೊಳೆದ ಬಳಿಕ ಉದ್ದಗೂದಲು ಬಿಡಿಸಲಾಗದ ಗಂಟಾಗಿ, ಕತ್ತರಿಸಲೇಬೇಕಾಗಿ ಬಂದ ಪ್ರಕರಣವನ್ನು ಭಾರತದ ವೈದ್ಯರೇ 2017ರಲ್ಲಿ ವರದಿ ಮಾಡಿದ್ದಾರೆ.

ಎಷ್ಟು ನಿಜ, ಎಲ್ಲಿ ಎಚ್ಚರ

ಮನೆಯ ನಂಬಿಕೆಗಳನ್ನು ದಾಖಲಿಸುವಾಗ ಅವುಗಳ ಫಲವನ್ನೂ ನೇರವಾಗಿ ಹೇಳಬೇಕಾಗುತ್ತದೆ. ಒಣಚರ್ಮ, ಒಡೆದ ಹಿಮ್ಮಡಿಗಳ ಮೇಲೆ ಹರಳೆಣ್ಣೆ ತೇವ ಆರದಂತೆ ತಡೆಯುತ್ತದೆ. ತುಟಿಬಣ್ಣಗಳಲ್ಲಿಯೂ ಅದನ್ನು ಸೇರಿಸುತ್ತಾರೆ. ಕೆಲವರಿಗೆ ಅದೇ ತುಟಿಬಣ್ಣದಿಂದ ಅಲರ್ಜಿಯಾಗುವುದೂ ಉಂಟು. ಕೂದಲಿಗೆ ಹೊಳಪು, ನುಣುಪು ಬರುವುದು ನಿಜ. ಹೊಸ ಕೂದಲು ಹುಟ್ಟಿಸುತ್ತದೆ ಎಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ವಿರೇಚನದ ಗುಣವಂತೂ ಪೂರ್ಣ ಸಿದ್ಧವಾದದ್ದು. ಕರುಳಿನಲ್ಲಿ ಬಿಡುಗಡೆಯಾಗುವ ರಿಸಿನೊಲೆಯಿಕ್ ಆಮ್ಲವು ಇಪಿ-3 ಎಂಬ ಗ್ರಾಹಕವನ್ನು ಪ್ರಚೋದಿಸುತ್ತದೆಂದು ಜರ್ಮನಿಯ ವಿಜ್ಞಾನಿಗಳು 2012ರಲ್ಲಿ ತೋರಿಸಿದರು. ಅದೇ ಗ್ರಾಹಕದ ಮೂಲಕ ಗರ್ಭಕೋಶವೂ ಸಂಕೋಚಗೊಳ್ಳುತ್ತದೆ. ಬಸುರಿಗೆ ಹರಳೆಣ್ಣೆ ಕುಡಿಸಬಾರದೆಂಬ ಹಿರಿಯರ ಕಟ್ಟುಪಾಡಿಗೆ ಇಲ್ಲಿ ಸಮರ್ಥನೆ ಸಿಗುತ್ತದೆ.

ಎಲ್ಲ ಹಳೆಯ ರೂಢಿಗಳಿಗೂ ಈ ಮನ್ನಣೆ ಸಲ್ಲದು. ಅಳುವ ಹಸುಳೆಯ ಬಾಯಿಗೆ ಎಣ್ಣೆ ಒರಳಿಸುವುದು, ಮೂಗಿಗೆ ಹನಿಸುವುದು ಅಪಾಯಕರ. ಎಣ್ಣೆ ಶ್ವಾಸಕೋಶಕ್ಕೆ ಇಳಿದು ಬರುವ ನ್ಯುಮೋನಿಯಾವನ್ನು ದಕ್ಷಿಣ ಭಾರತದ ಮಕ್ಕಳ ವೈದ್ಯರು ಬಹುಕಾಲದಿಂದ ಕಂಡಿದ್ದಾರೆ. ತಟ್ಟು ಎಂಬ ಕ್ರಿಯಾಪದವನ್ನು ಉಳಿಸಿಕೊಂಡು ಒರಳಿಸು, ಹನಿಸು ಎಂಬವನ್ನು ಬಿಡುವುದು ಪರಂಪರೆಗೆ ಮಾಡುವ ಅಪಚಾರವಲ್ಲ.

ಸಂಗ್ರಾಹಕರಿಗೆ

ಕ್ಷೇತ್ರಕಾರ್ಯದಲ್ಲಿ ತೊಡಗಿರುವವರು ಹರಳೆಣ್ಣೆಯನ್ನು ಯಾವುದಕ್ಕೆ ಬಳಸುತ್ತೀರಿ ಎಂದು ಕೇಳುವ ಬದಲು, ಹಚ್ಚುವ ಕೈಯನ್ನು ನೋಡುತ್ತ, ಈಗ ಮಾಡುತ್ತಿರುವುದಕ್ಕೆ ಏನೆನ್ನುತ್ತೀರಿ ಎಂದು ಕೇಳುವುದು ಮೇಲು. ಮೊದಲ ಪ್ರಶ್ನೆಗೆ ರೋಗಗಳ ಪಟ್ಟಿ ಬರುತ್ತದೆ. ಎರಡನೆಯದಕ್ಕೆ ಕ್ರಿಯಾಪದ ಬರುತ್ತದೆ. ದ್ವಿಭಾಷಿಕ ಮನೆಯಲ್ಲಿ ಎಣ್ಣೆಯ ಹೆಸರು ಸುಲಭವಾಗಿ ಅಂಗಡಿಯ ಭಾಷೆಗೆ ಹೊರಳುತ್ತದೆ. ಅಜ್ಜಿ ಆಮುದಂ ಎಂದರೂ, ಎರಂಡೇಲ್ ಎಂದರೂ ಕೈಯ ಕೆಲಸಕ್ಕೆ ಅವಳು ಯಾವ ಪದ ಬಳಸುತ್ತಾಳೆಂಬುದನ್ನು ಬರೆದುಕೊಳ್ಳಬೇಕು. ಹೆಸರು ಹೋದರೆ ಅಂಗಡಿಯಲ್ಲಿ ಇನ್ನೊಂದು ಹೆಸರಿನಿಂದ ಎಣ್ಣೆ ಸಿಗುತ್ತದೆ. ತಟ್ಟುವುದಕ್ಕೂ ತಿಕ್ಕುವುದಕ್ಕೂ ಇರುವ ವ್ಯತ್ಯಾಸ ಹೋದರೆ, ಮಗುವಿನ ಎಳೆಯ ನೆತ್ತಿಯ ಮೇಲೆ ಕೈ ಎಷ್ಟು ಹಗುರವಾಗಿರಬೇಕೆಂದು ಹೇಳುವ ಮಾತು ಆ ಮನೆಯಲ್ಲಿ ಉಳಿದಿರುವುದಿಲ್ಲ.